ನಾನು ಹೇಳಿದ್ದೆನಲ್ಲ!

ಎಂಟು ಜನರಿರುವ ಮನೆಯಲ್ಲಿ ಬೆಳಗಿನ ಕಾಫಿ ಎಂಟು ಬಗೆ. ಅಜ್ಜನಿಗೆ ಸಕ್ಕರೆ ಕೂಡದು. ಮಾವನಿಗೆ ಡಿಕಾಕ್ಷನ್ ಮುಂದಾಗಿರಬೇಕು. ಹುಡುಗರ ಲೋಟದಲ್ಲಿ ಹಾಲೇ ಹೆಚ್ಚು. ಹೊಸದಾಗಿ ಬಂದ ನೆಂಟರಿಗೆ ಎಲ್ಲವೂ ನಡುಹದ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಅದು ಮನೆಯೊಡತಿಯ ತಲೆಯಲ್ಲಿರುತ್ತದೆ. ಆಕೆ ಹದಿನೈದು ದಿನ ಊರಿಗೆ ಹೋದಾಗಲೇ ಅದರ ಬೆಲೆ ತಿಳಿಯುವುದು. ಆಗ ಸೊಸೆಯೋ ಮಗನೋ ಒಂದು ಚೀಟಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿಕೊಳ್ಳುತ್ತಾರೆ. ಕಂಪ್ಯೂಟರಿನವರ ಭಾಷೆಯಲ್ಲಿ ಆ ಚೀಟಿಗೆ ಕಾನ್ಫಿಗರೇಶನ್ ಎಂದು ಹೆಸರು. ಅದರ ಒಂದೊಂದು ಸಾಲೂ ಒಂದೊಂದು ಸೆಟ್ಟಿಂಗ್. ಏನೂ ಹೇಳದ ನೆಂಟರಿಗೆ ಕೊಡುವ ನಡುಹದವಿದೆಯಲ್ಲ, ಅದು ಡಿಫಾಲ್ಟ್.

ನಮ್ಮ ಸಂಘಕ್ಕಾಗಿ ಇಂತಹ ಒಂದು ಚೀಟಿಯನ್ನು ಬರೆಯಲು ಹೊರಟು ನಾವು ಪಟ್ಟ ಪಾಡನ್ನೂ ಮಾಡಿದ ತಪ್ಪನ್ನೂ ಸದಸ್ಯ ಬಂಧುಗಳ ಮುಂದಿಡಬೇಕೆಂದು ಬಹುದಿನದಿಂದ ಅಂದುಕೊಂಡಿದ್ದೆವು. ಕಂಪ್ಯೂಟರಿನ ಮಾತು ನಮಗೇಕೆ ಎಂದು ಯಾರೂ ಪುಟ ತಿರುವದಿರಲಿ. ಈ ಪತ್ರಿಕೆ ನಿಮ್ಮ ಕೈ ಸೇರುವುದೂ ಸೇರದಿರುವುದೂ ಆ ಚೀಟಿಯನ್ನೇ ಅವಲಂಬಿಸಿದೆ.

ನಾವು ಎಂದರೆ ಮೂವರು. ಒಬ್ಬರು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಲೆಡ್ಜರು ಬರೆದು ನಿವೃತ್ತರಾದವರು. ಇನ್ನೊಬ್ಬ ಪೊವಾಯಿಯ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ. ಭಾನುವಾರಗಳನ್ನು ಸಂಘಕ್ಕೆ ಕೊಡುವವನು. ಮೂರನೆಯವರು ನಾವೆಲ್ಲ ಅಕ್ಕ ಎಂದು ಕರೆಯುವವರು; ಇಪ್ಪತ್ತು ವರ್ಷಗಳಿಂದ ಪತ್ರಿಕೆಗೆ ವಿಳಾಸದ ಚೀಟಿ ಅಂಟಿಸುತ್ತ ಬಂದವರು. ಮಾಟುಂಗದ ಇಂಥ ಮನೆಯವರಿಗೆ ಪತ್ರಿಕೆಯನ್ನು ಅಂಗಡಿಯ ವಿಳಾಸಕ್ಕೆ ಕಳುಹಿಸಬೇಕು, ಬೊರಿವಲಿಯ ಇಂಥವರು ಮೇ ತಿಂಗಳು ಪೂರ್ತಿ ಕುಂದಾಪುರದಲ್ಲಿರುತ್ತಾರೆ, ಇಂಥವರಿಗೆ ಚಂದಾ ಮುಗಿದ ನೆನಪೋಲೆ ಕಳಿಸಿದರೆ ಸಿಟ್ಟು ಬರುತ್ತದೆ, ಫೋನಿನಲ್ಲೇ ಹೇಳಬೇಕು, ಇವೆಲ್ಲ ಅಕ್ಕನ ತಲೆಯಲ್ಲಿತ್ತು. 2019ರಲ್ಲಿ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆ ಗೊತ್ತಾದಾಗ, ಸಂಘದ ಕಾರ್ಯಕಾರಿ ಸಮಿತಿಗೆ ಥಟ್ಟನೆ ಜ್ಞಾನೋದಯವಾಯಿತು. ಸದಸ್ಯರ ಪಟ್ಟಿಯನ್ನೂ ಅವರವರ ಇಷ್ಟಾನಿಷ್ಟಗಳನ್ನೂ ಕಂಪ್ಯೂಟರಿನ ದತ್ತಸಂಚಯಕ್ಕೆ ಏರಿಸುವ ಕೆಲಸ ನಮ್ಮ ಮೂವರ ಕೊರಳಿಗೆ ಬಿತ್ತು.

ದತ್ತಸಂಚಯವೆಂದರೆ ಭಯಪಡಬೇಕಾದ್ದೇನೂ ಇಲ್ಲ. ಸಾಲುಗಳೂ ಅಂಕಣಗಳೂ ಇರುವ ಕೋಷ್ಟಕಗಳ ಕಟ್ಟು ಅಷ್ಟೇ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ಗಣಿತಜ್ಞರು 1970ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ಈ ಪದ್ಧತಿ ಮೊದಲಾಯಿತು. ಸದಸ್ಯರದೊಂದು ಕೋಷ್ಟಕ, ಚಂದಾ ಪಾವತಿಯದೊಂದು ಕೋಷ್ಟಕ, ಎರಡನ್ನೂ ಜೋಡಿಸಲು ಸದಸ್ಯತ್ವದ ಸಂಖ್ಯೆ. ಇಷ್ಟನ್ನು ಒಂದೇ ತಿಂಗಳಲ್ಲಿ ಮಾಡಿ ಮುಗಿಸಿದೆವು. ಸಿಕ್ಕಿಹಾಕಿಕೊಂಡದ್ದು ಸೆಟ್ಟಿಂಗುಗಳಲ್ಲಿ.

ಮೊದಲು ಹೊಳೆದ ದಾರಿ ನೇರವಾದದ್ದು. ಸದಸ್ಯರ ಕೋಷ್ಟಕದಲ್ಲೇ ಒಂದೊಂದು ಸೆಟ್ಟಿಂಗಿಗೆ ಒಂದೊಂದು ಅಂಕಣ: ಪತ್ರಿಕೆ ಅಂಚೆಯಲ್ಲೋ ಇಮೇಲಿನಲ್ಲೋ, ಪತ್ರವ್ಯವಹಾರದ ಭಾಷೆ ಯಾವುದು, ನೆನಪೋಲೆ ಬೇಕೋ ಬೇಡವೋ. ಇದರಲ್ಲಿ ಒಂದು ಸುಖವಿದೆ. ಹೌದು ಅಥವಾ ಇಲ್ಲ ಎಂದಿರಬೇಕಾದ ಅಂಕಣದಲ್ಲಿ ಯಾರಾದರೂ ‘ನೋಡೋಣ’ ಎಂದು ಬರೆಯಹೋದರೆ ಕಂಪ್ಯೂಟರು ಒಪ್ಪುವುದೇ ಇಲ್ಲ. ಆದರೆ ಸಮಿತಿಯ ಪ್ರತಿ ಸಭೆಯಲ್ಲೂ ಒಂದು ಹೊಸ ಸೆಟ್ಟಿಂಗು ಹುಟ್ಟುತ್ತಿತ್ತು. ಯಕ್ಷಗಾನದ ದಿನ ಊಟ ಬೇಕೇ, ರಾಜ್ಯೋತ್ಸವದ ಆಮಂತ್ರಣ ಎಷ್ಟು ಪ್ರತಿ, ಹೀಗೆ. ಪ್ರತಿ ಸಲವೂ ಕೋಷ್ಟಕವನ್ನು ಒಡೆದು ಹೊಸ ಅಂಕಣ ಸೇರಿಸಬೇಕು. ಮಗು ಬೆಳೆದಂತೆಲ್ಲ ಮನೆಯ ಗೋಡೆ ಕೆಡವಿದ ಹಾಗೆ.

ಎರಡನೆಯ ದಾರಿ ಇದಕ್ಕೆ ವಿರುದ್ಧ. ಮೂರೇ ಅಂಕಣಗಳು: ಸದಸ್ಯರ ಸಂಖ್ಯೆ, ಸೆಟ್ಟಿಂಗಿನ ಹೆಸರು, ಅದರ ಮೌಲ್ಯ. ಹೊಸ ಸೆಟ್ಟಿಂಗು ಬಂದರೆ ಹೊಸ ಸಾಲು. ಗೋಡೆ ಕೆಡವುವ ಮಾತಿಲ್ಲ. ಲೋಕಪ್ರಸಿದ್ಧವಾದ ವರ್ಡ್‌ಪ್ರೆಸ್ ತಂತ್ರಾಂಶವೂ ತನ್ನ ಸೆಟ್ಟಿಂಗುಗಳನ್ನು ಹೆಸರು ಒಂದು ಕಡೆ, ಮೌಲ್ಯ ಒಂದು ಕಡೆ ಇರುವ ಇಂತಹ ಕೋಷ್ಟಕದಲ್ಲೇ ಇಟ್ಟುಕೊಂಡಿದೆ ಎಂದು ಹುಡುಗ ಹೇಳಿದ. ನಾವೂ ತಲೆದೂಗಿದೆವು. ಆದರೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಕಾದರೆ ಆ ಚೀಲ ಏನನ್ನೂ ಬೇಡವೆನ್ನಬಾರದು. ಮೌಲ್ಯದ ಅಂಕಣ ಯಾವ ಅಕ್ಷರವನ್ನಾದರೂ ನುಂಗುತ್ತಿತ್ತು. ಆರು ತಿಂಗಳಲ್ಲಿ ಒಂದೇ ಸೆಟ್ಟಿಂಗಿಗೆ ಕೆಲವರ ಹೆಸರಿನಲ್ಲಿ ‘ಹೌದು’, ಕೆಲವರದರಲ್ಲಿ ‘ಎಸ್’, ಕೆಲವರದರಲ್ಲಿ ಬರೀ ‘1’ ಸೇರಿಕೊಂಡಿತು. ಕನ್ನಡಾಭಿಮಾನಿಗಳಾದ ಬ್ಯಾಂಕಿನವರು ಒಂದು ದಿನ ಚಂದಾದ ಮೊತ್ತವನ್ನು ‘೫೦೦’ ಎಂದು ಕನ್ನಡ ಅಂಕಿಗಳಲ್ಲಿ ತುಂಬಿದರು. ನೋಡುವವರಿಗೆ ಅದು ಐನೂರು. ಕೂಡಿಸಹೊರಟ ಯಂತ್ರಕ್ಕೆ ಅದು ಸಂಖ್ಯೆಯೇ ಅಲ್ಲ. ಅಭಿಮಾನಕ್ಕೆ ತಪ್ಪು ಹೊರಿಸಲಾದೀತೇ? ಇಲ್ಲಿ ಸಂಖ್ಯೆಯೇ ಇರಬೇಕೆಂದು ಕೋಷ್ಟಕಕ್ಕೆ ನಾವು ಮೊದಲೇ ಹೇಳಿರಬೇಕಿತ್ತು.

ಇದು ಸಣ್ಣ ತಪ್ಪು, ತಿದ್ದಿಕೊಂಡೆವು. ದೊಡ್ಡ ತಪ್ಪನ್ನು ನಾವು ಜಾಣತನವೆಂದು ತಿಳಿದಿದ್ದೆವು.

ಅದು ಹೀಗೆ. 2019ರ ದೀಪಾವಳಿಯ ಸಂಚಿಕೆಯೊಂದಿಗೆ ಎಲ್ಲ ಸದಸ್ಯರಿಗೂ ಒಂದು ಕಾರ್ಡು ಕಳುಹಿಸಿ, ಪತ್ರಿಕೆ ಅಂಚೆಯಲ್ಲಿ ಬೇಕೋ ಇಮೇಲಿನಲ್ಲೋ ಎಂದು ಕೇಳಿದೆವು. ಆಗ ಅಂಚೆಯೇ ಸಂಘದ ರೂಢಿ, ಅಂದರೆ ಡಿಫಾಲ್ಟ್. ಉತ್ತರ ಬಂದ ಕಾರ್ಡುಗಳನ್ನು ತುಂಬುವಾಗ ನಮ್ಮ ತಂತ್ರಾಂಶ ಒಂದು ಉಳಿತಾಯ ಮಾಡುತ್ತಿತ್ತು. ಇಮೇಲ್ ಬೇಕೆಂದವರಿಗೆ ಮಾತ್ರ ಒಂದು ಸಾಲು ಬರೆಯುವುದು. ಅಂಚೆ ಬೇಕೆಂದವರಿಗೆ ಏನೂ ಬರೆಯದಿರುವುದು. ಹೇಗೂ ರೂಢಿ ಅದೇ ಅಲ್ಲವೇ? ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ನಾವು ಪೋರರನ್ನು ಮಾತ್ರ ಪಟ್ಟಿ ಮಾಡಿದೆವು. ಊರ ದಾರಿಯಲ್ಲಿ ನಡೆಯುವವರ ಹೆಸರನ್ನು ಯಾರಾದರೂ ಬರೆದಿಡುತ್ತಾರೆಯೇ? ಕೋಷ್ಟಕ ಚಿಕ್ಕದಾಯಿತು, ಚೊಕ್ಕವಾಯಿತು ಎಂದು ಬೆನ್ನು ತಟ್ಟಿಕೊಂಡೆವು. ಬ್ಯಾಂಕಿನವರು ಮಾತ್ರ, ಗಿರಾಕಿ ಕೊಟ್ಟ ಚೀಟಿಯನ್ನು ಪುಸ್ತಕಕ್ಕೆ ಏರಿಸದೆ ಬಿಡುವುದು ತಾವೆಲ್ಲೂ ಕಾಣದ ಪದ್ಧತಿ ಎಂದು ಗೊಣಗಿದರು. ಲೆಡ್ಜರಿನ ಕಾಲ ಮುಗಿಯಿತೆಂದು ನಾವು ನಕ್ಕೆವು. ಅವರೂ ನಕ್ಕರು.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ನಮ್ಮ ಮುದ್ರಣಾಲಯ ಮುಚ್ಚಿತು. ಎಲ್ಲರಂತೆ ನಾವೂ ಪತ್ರಿಕೆಯನ್ನು ಪಿಡಿಎಫ್ ಮಾಡಿ ಕಳುಹಿಸಿದೆವು. ಮರುವರ್ಷ ಮತ್ತೆ ಮುದ್ರಣ ಮೊದಲಾಯಿತು. ಆದರೆ ಕಾಗದದ ಬೆಲೆ, ಅಂಚೆಯ ವೆಚ್ಚ, ಸಂಘದ ಕೈಹಿಡಿತ ಎಲ್ಲವನ್ನೂ ತೂಗಿ ನೋಡಿದ ಸಮಿತಿ 2022ರ ಮಾರ್ಚಿನಲ್ಲಿ ಒಂದು ನಿರ್ಣಯ ಮಾಡಿತು. ಏಪ್ರಿಲಿನಿಂದ ಇಮೇಲೇ ರೂಢಿ. ಅಚ್ಚಿನ ಪ್ರತಿ ಬೇಕೆನ್ನುವವರು ತಿಳಿಸತಕ್ಕದ್ದು. ಪ್ರಕಟಣೆ ಮೂರನೆಯ ಪುಟದಲ್ಲಿ ಬಂತು. ನಾವು ಮಾಡಬೇಕಾದ ಕೆಲಸ ಒಂದೇ ಒಂದು. ಡಿಫಾಲ್ಟಿನ ಕೋಷ್ಟಕದಲ್ಲಿ ‘ಅಂಚೆ’ ಎಂದಿದ್ದ ಕಡೆ ‘ಇಮೇಲ್’ ಎಂದು ಬದಲಾಯಿಸುವುದು. ಅರ್ಧ ನಿಮಿಷದ ಕೆಲಸ. ನಮ್ಮ ಜಾಣ ವಿನ್ಯಾಸದ ಫಲವನ್ನು ಆ ಅರ್ಧ ನಿಮಿಷದಲ್ಲಿ ಉಂಡೆವು.

ಸೆಪ್ಟೆಂಬರಿನಲ್ಲಿ ಡೊಂಬಿವಲಿಯಿಂದ ಒಂದು ನೀಲಿ ಇನ್‌ಲ್ಯಾಂಡ್ ಪತ್ರ ಬಂತು. ಎಂಬತ್ತು ದಾಟಿದ ಹಿರಿಯ ಸದಸ್ಯರ ದುಂಡನೆಯ ಅಕ್ಷರ. ಐದು ತಿಂಗಳಿಂದ ಪತ್ರಿಕೆ ಬಂದಿಲ್ಲ, ತಮ್ಮ ಚಂದಾ ಮುಗಿದಿದ್ದರೆ ತಿಳಿಸಬೇಕು, ಮನಿಯಾರ್ಡರ್ ಮಾಡುವುದಾಗಿ ಬರೆದಿದ್ದರು. ಅವರು ಆಜೀವ ಸದಸ್ಯರು. ಚಂದಾ ಮುಗಿಯುವ ಪ್ರಶ್ನೆಯೇ ಇರಲಿಲ್ಲ. ಅಕ್ಕ ಪತ್ರವನ್ನು ಎರಡು ಸಲ ಓದಿ, ಫೋನು ಬೇಡ, ಹೋಗಿಬರೋಣ ಎಂದರು. ಮುಂದಿನ ಭಾನುವಾರ ದಾದರಿನಲ್ಲಿ ಲೋಕಲ್ ಹತ್ತಿ ಮೂವರೂ ಹೋದೆವು.

ಮನೆ ಅಚ್ಚುಕಟ್ಟಾಗಿತ್ತು. ಗೋಡೆಯ ಕಪಾಟಿನಲ್ಲಿ ಸಂಘದ ಪತ್ರಿಕೆಗಳನ್ನು ವರ್ಷಕ್ಕೊಂದು ಕಟ್ಟಿನಂತೆ ದಾರದಿಂದ ಬಿಗಿದು ಜೋಡಿಸಿದ್ದರು. ಕೊನೆಯ ಕಟ್ಟಿಗೆ ಮಾತ್ರ ದಾರ ಕಟ್ಟಿರಲಿಲ್ಲ. ಹುಡುಗ ಅವರ ಮೊಬೈಲು ತೆಗೆದುಕೊಂಡು ನೋಡಿದ. ಫೋನು ಕೊಡಿಸುವಾಗ ಮಗ ಒಂದು ಇಮೇಲ್ ವಿಳಾಸ ಮಾಡಿಕೊಟ್ಟಿದ್ದ. ಕಾರ್ಡಿನಲ್ಲಿ ಅದನ್ನೂ ಬರೆದಿದ್ದರು. ಏಪ್ರಿಲಿನಿಂದ ಆಗಸ್ಟಿನವರೆಗಿನ ಐದು ಸಂಚಿಕೆಗಳೂ ಅಲ್ಲಿ ಯಾರೂ ತೆರೆಯದೆ ಬಿದ್ದಿದ್ದವು. ಕಳುಹಿಸಿದ್ದು ಹಿಂದಿರುಗಿ ಬರಲಿಲ್ಲವಾದ್ದರಿಂದ ನಮ್ಮ ಲೆಕ್ಕದಲ್ಲಿ ಅವು ತಲುಪಿದ್ದವು.

ಪ್ರಕಟಣೆ ನೋಡಲಿಲ್ಲವೇ, ಅಚ್ಚಿನ ಪ್ರತಿ ಬೇಕಾದವರು ತಿಳಿಸಬೇಕೆಂದು ಬಂದಿತ್ತಲ್ಲ ಎಂದು ನಾವು ಕೇಳಿದೆವು. ಕೇಳಬಾರದಿತ್ತು. ನೋಡಿದ್ದೆ ಎಂದರು. ಮತ್ತೆ ಸಾವಕಾಶವಾಗಿ, “ಆದರೆ ನಾನು ಹೇಳಿದ್ದೆನಲ್ಲ! ಕಾರ್ಡು ಬರೆದಿದ್ದೆನಲ್ಲ!” ಎಂದರು.

ನಮ್ಮ ಬಳಿ ಉತ್ತರವಿರಲಿಲ್ಲ. ಅವರು ಹೇಳಿದ್ದರು. ಅವರು ಹೇಳಿದ್ದು ಆ ದಿನದ ರೂಢಿಗೆ ಸರಿಹೊಂದುತ್ತಿತ್ತೆಂಬ ಒಂದೇ ಕಾರಣಕ್ಕೆ ನಾವು ಅದನ್ನು ಬರೆದುಕೊಂಡಿರಲಿಲ್ಲ. ರೂಢಿ ಬದಲಾದ ದಿನ, ಬಾಯಿಬಿಟ್ಟು ಹೇಳಿದ ಅವರೂ ಏನೂ ಹೇಳದೆ ಸುಮ್ಮನಿದ್ದವರೂ ನಮ್ಮ ಕೋಷ್ಟಕದಲ್ಲಿ ಒಂದೇ ಆಗಿಬಿಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಐದು ಸಂಚಿಕೆ ತಂದುಕೊಟ್ಟು ಕ್ಷಮೆ ಕೇಳಿ ಬರಬಹುದಿತ್ತು. ಕಾಫಿ ಕುಡಿಯುತ್ತ ನಮ್ಮಲ್ಲೊಬ್ಬರು ವಸಾಯಿಯಲ್ಲಿದ್ದ ಅವರ ಗೆಳೆಯರ ಮಾತೆತ್ತಿ, ಜೂನಿನ ಸಂತಾಪ ಸಭೆಗೆ ಎಷ್ಟೊಂದು ಜನ ಬಂದಿದ್ದರೆಂದು ಹೇಳಿದರು. ಹಿರಿಯರ ಮುಖ ನೋಡಿದ ಮೇಲೆ ನಮಗೆ ತಿಳಿದದ್ದು, ಅವರಿಗೆ ಆ ಸುದ್ದಿಯೇ ಮುಟ್ಟಿಲ್ಲವೆಂದು. ಇಬ್ಬರೂ 1963ರಲ್ಲಿ ಒಂದೇ ದಿನ ಧಾರವಾಡ ಬಿಟ್ಟು ಬಂದವರು; ವಡಾಲದ ಒಂದೇ ಖೋಲಿಯಲ್ಲಿ ನಾಲ್ಕು ವರ್ಷ ಇದ್ದವರು. ಕಿವಿ ಮಂದವಾದ ಮೇಲೆ ಫೋನಿನ ಮಾತು ನಿಂತಿತ್ತು. ಒಬ್ಬರ ಸುದ್ದಿ ಒಬ್ಬರಿಗೆ ಸಿಗುತ್ತಿದ್ದದ್ದು ನಮ್ಮ ಪತ್ರಿಕೆಯ ಕೊನೆಯ ಪುಟದಲ್ಲಿ. ಆ ಪುಟ ಜುಲೈ ಸಂಚಿಕೆಯಲ್ಲಿತ್ತು. ಜುಲೈ ಸಂಚಿಕೆ ಮೊಬೈಲಿನಲ್ಲಿತ್ತು.

ಹಿಂದಿರುಗುವ ಲೋಕಲಿನಲ್ಲಿ ಠಾಣೆ ದಾಟುವವರೆಗೂ ಯಾರೂ ಮಾತನಾಡಲಿಲ್ಲ. ಆಮೇಲೆ ಬ್ಯಾಂಕಿನವರು ಕೇಳಿದರು: “ಕಾರ್ಡುಗಳೇನಾದವು?” ಅಕ್ಕ ಯಾವುದನ್ನೂ ಎಸೆಯುವವರಲ್ಲ. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಎಲ್ಲವೂ ಭದ್ರವಾಗಿದ್ದವು. ಮರುದಿನ ರಾತ್ರಿ ಕುಳಿತು ಎಣಿಸಿದಾಗ, ಅಂಚೆಯಲ್ಲೇ ಬರಲಿ ಎಂದು ಸ್ಪಷ್ಟವಾಗಿ ಬರೆದಿದ್ದು ನಮ್ಮ ದತ್ತಸಂಚಯದಲ್ಲಿ ಒಂದು ಅಕ್ಷರವೂ ಇಲ್ಲದ ಕಾರ್ಡುಗಳು ಅರವತ್ತೊಂದು. ಅರವತ್ತೊಂದು ಮನೆಯವರು ಹೇಳಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ.

ಖಾಲಿ ಬಿಟ್ಟ ಜಾಗ ಏನು ಹೇಳುತ್ತದೆ ಎಂಬ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ದತ್ತಸಂಚಯದ ಭಾಷೆಯಲ್ಲಿ ಖಾಲಿ ಜಾಗಕ್ಕೆ ನಲ್ ಎನ್ನುತ್ತಾರೆ. ಅದು ಸೊನ್ನೆಯಲ್ಲ, ‘ಇಲ್ಲ’ವೂ ಅಲ್ಲ, ಗೊತ್ತಿಲ್ಲ ಎಂಬುದರ ಗುರುತು. ಒಂದು ನಲ್ ಇನ್ನೊಂದು ನಲ್‌ಗೆ ಸಮವೇ ಎಂದು ಕೇಳಿದರೆ ಯಂತ್ರ ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ, ಗೊತ್ತಿಲ್ಲವೆನ್ನುತ್ತದೆ. ಕಾಡ್ ಅವರೇ 1990ರ ತಮ್ಮ ಪುಸ್ತಕದಲ್ಲಿ ಖಾಲಿಯಲ್ಲೂ ಎರಡು ಬಗೆಯನ್ನು ಬೇರೆಬೇರೆಯಾಗಿ ಗುರುತಿಸಬೇಕೆಂದರು. ಮೌಲ್ಯವೊಂದು ಇದೆ, ಆದರೆ ನಮಗೆ ತಿಳಿಯದು ಎಂಬುದು ಒಂದು. ಅಲ್ಲಿ ಮೌಲ್ಯವೆಂಬುದಕ್ಕೇ ಎಡೆಯಿಲ್ಲ ಎಂಬುದು ಇನ್ನೊಂದು. ಮನೆಗೆ ಫೋನು ಇದ್ದು ಸಂಖ್ಯೆ ಗೊತ್ತಿಲ್ಲದಿರುವುದು ಬೇರೆ, ಮನೆಗೆ ಫೋನೇ ಇಲ್ಲದಿರುವುದು ಬೇರೆ. ಬಳಕೆಯಲ್ಲಿರುವ ಎಸ್‌ಕ್ಯೂಎಲ್ ಭಾಷೆ ಇವೆರಡನ್ನೂ ಒಂದೇ ನಲ್‌ನಲ್ಲಿ ಅಡಗಿಸಿದೆ. ನಾವಂತೂ ಅದಕ್ಕೆ ಮೂರನೆಯದೊಂದನ್ನು ತುರುಕಿದ್ದೆವು: ಹೇಳಿದ್ದಾರೆ, ಆದರೆ ಎಲ್ಲರೂ ಹೇಳುವುದನ್ನೇ ಹೇಳಿದ್ದಾರೆ.

ದಾರಿ ತೋರಿದ್ದು ನಾವು ಬಳಸುತ್ತಿದ್ದ ದತ್ತಸಂಚಯವೇ. ಅದರ ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಮೊದಲಾದ ಯೋಜನೆಯಿಂದ ಬೆಳೆದದ್ದು. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದಕ್ಕೂ ತನ್ನವೇ ಆದ ನೂರಾರು ಸೆಟ್ಟಿಂಗುಗಳಿವೆ. ಅವನ್ನೆಲ್ಲ ‘ಪಿಜಿ ಸೆಟ್ಟಿಂಗ್ಸ್’ ಎಂಬ ಒಂದು ಪಟ್ಟಿಯಲ್ಲಿ ನಾವೇ ನೋಡಬಹುದು. ಹುಡುಗ ಅದನ್ನು ತೆರೆದು ತೋರಿಸಿದಾಗ ನಮಗೆ ಅಚ್ಚರಿಯಾಯಿತು. ಪ್ರತಿ ಸಾಲಿನಲ್ಲೂ ಹೆಸರು, ಮೌಲ್ಯ ಮಾತ್ರವಲ್ಲ. ಅದು ಸಂಖ್ಯೆಯೋ, ಹೌದು-ಇಲ್ಲವೋ, ಪಟ್ಟಿಯಿಂದ ಆರಿಸಬೇಕಾದದ್ದೋ. ಅದರ ಅಳತೆ ಯಾವುದು. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಅದರ ಅರ್ಥವೇನು ಎಂಬ ಒಂದು ವಾಕ್ಯ. ಇವೆಲ್ಲದರ ಜೊತೆಗೆ ಮೂಲ ಎಂಬ ಒಂದು ಅಂಕಣ. ಈ ಮೌಲ್ಯ ಎಲ್ಲಿಂದ ಬಂತು? ಹುಟ್ಟಿನಿಂದ ಬಂದ ಡಿಫಾಲ್ಟೋ, ಸೆಟ್ಟಿಂಗಿನ ಕಡತದಿಂದಲೋ, ಒಬ್ಬ ಬಳಕೆದಾರನಿಗೆಂದು ಗೊತ್ತುಮಾಡಿದ್ದೋ, ಈಗಿನ ಕಲಾಪದಲ್ಲಿ ಈಗ ತಾನೇ ಹೇಳಿದ್ದೋ?

ಒಂದು ಉದಾಹರಣೆ. ವಿಂಗಡಿಸುವಂತಹ ಕೆಲಸಗಳಿಗೆ ಎಷ್ಟು ಸ್ಮರಣೆ ಬಳಸಬಹುದು ಎಂಬುದಕ್ಕೆ ‘ವರ್ಕ್ ಮೆಮ್’ ಎಂಬ ಸೆಟ್ಟಿಂಗಿದೆ. ಯಾರೂ ಏನೂ ಹೇಳದಿದ್ದರೆ ಅದು 4096 ಕಿಲೋಬೈಟ್. ಮೂಲದ ಅಂಕಣದಲ್ಲಿ ‘ಡಿಫಾಲ್ಟ್’ ಎಂದಿರುತ್ತದೆ. ಈಗ ನೀವೇ ಕುಳಿತು ಅದೇ 4096ನ್ನು ಬಾಯಿಬಿಟ್ಟು ಹೇಳಿ. ಮೌಲ್ಯ ಒಂದು ಎಳ್ಳಷ್ಟೂ ಬದಲಾಗುವುದಿಲ್ಲ. ಆದರೆ ಮೂಲದ ಅಂಕಣದಲ್ಲಿ ‘ಸೆಶನ್’ ಎಂದು ಬೀಳುತ್ತದೆ. ಅಂದರೆ, ಅಂಕಿ ಅದೇ ಇರಬಹುದು, ಆದರೆ ಇದನ್ನು ಒಬ್ಬರು ಹೇಳಿದ್ದಾರೆ ಎಂದು ಆ ಯಂತ್ರ ಬರೆದುಕೊಳ್ಳುತ್ತದೆ. ಡೊಂಬಿವಲಿಯ ಹಿರಿಯರಿಗೆ ನಾವು ತೋರದ ಮರ್ಯಾದೆಯನ್ನು ಅದು ತನ್ನ ನಾಲ್ಕು ಸಾವಿರ ಚಿಲ್ಲರೆ ಕಿಲೋಬೈಟುಗಳಿಗೆ ತೋರುತ್ತಿತ್ತು.

ಆ ಚಳಿಗಾಲದ ಭಾನುವಾರಗಳಲ್ಲಿ ಎಲ್ಲವನ್ನೂ ಮತ್ತೆ ಕಟ್ಟಿದೆವು. ಈಗ ಮೂರು ಕೋಷ್ಟಕಗಳಿವೆ. ಮೊದಲನೆಯದು ಸೆಟ್ಟಿಂಗುಗಳ ನಿಘಂಟು. ಪ್ರತಿ ಸೆಟ್ಟಿಂಗಿನ ಹೆಸರು, ಅದು ಯಾವ ಬಗೆಯದು, ಯಾವ ಯಾವ ಉತ್ತರಕ್ಕೆ ಅವಕಾಶವಿದೆ, ಅದು ಸಂಘಕ್ಕೆ ಸೇರಿದ್ದೋ ಕುಟುಂಬಕ್ಕೋ ವ್ಯಕ್ತಿಗೋ, ಮತ್ತು ಅದರ ಅರ್ಥ ತಿಳಿಗನ್ನಡದಲ್ಲಿ. ನಿಘಂಟಿನಲ್ಲಿಲ್ಲದ ಉತ್ತರವನ್ನು ಯಾರು ತುಂಬಹೋದರೂ ಈಗ ಬಾಗಿಲು ತೆರೆಯುವುದಿಲ್ಲ. ಎರಡನೆಯದು ಸಂಘದ ರೂಢಿಗಳು: ಯಾವ ತಾರೀಖಿನಿಂದ ಯಾವ ರೂಢಿ. ಮೂರನೆಯದು ಸದಸ್ಯರ ಮಾತು: ಯಾರು, ಯಾವ ಸೆಟ್ಟಿಂಗಿನ ಬಗ್ಗೆ, ಏನು ಹೇಳಿದರು, ಎಂದು, ಹೇಗೆ ಹೇಳಿದರು, ಬರೆದುಕೊಂಡವರು ಯಾರು. ಹೇಳಿದ್ದು ರೂಢಿಗೆ ಸರಿಹೊಂದಿದರೂ ಒಂದು ಸಾಲು ಬರೆಯಲೇಬೇಕು. ಏನೂ ಹೇಳದವರಿಗೆ ಮಾತ್ರ ಸಾಲಿಲ್ಲ. ಪತ್ರಿಕೆ ಕಳುಹಿಸುವಾಗ ಯಂತ್ರ ಮೊದಲು ವ್ಯಕ್ತಿಯ ಮಾತಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕುಟುಂಬದ ಮಾತು. ಅದೂ ಇಲ್ಲದಿದ್ದರೆ ಆ ದಿನದ ರೂಢಿ. ಮೂರರಲ್ಲಿ ಯಾವುದರಿಂದ ಉತ್ತರ ಬಂತೆಂಬುದನ್ನೂ ಪಕ್ಕದಲ್ಲೇ ತೋರಿಸುತ್ತದೆ.

ತಾರೀಖಿನ ಅಂಕಣಗಳು ಬ್ಯಾಂಕಿನವರ ಕೊಡುಗೆ. ಅದಕ್ಕೂ ಒಂದು ಕಥೆಯಿದೆ. 2021ರಲ್ಲಿ ವಾರ್ಷಿಕ ಚಂದಾವನ್ನು 300ರಿಂದ 500 ರೂಪಾಯಿಗೆ ಏರಿಸಿದಾಗ ನಾವು ಹಳೆಯ ಅಂಕಿಯನ್ನು ಅಳಿಸಿ ಹೊಸದನ್ನು ಬರೆದಿದ್ದೆವು. ಸದಸ್ಯರೊಬ್ಬರು 2019ರ ರಸೀದಿ ಕಳೆದುಹೋಗಿದೆ, ಇನ್ನೊಂದು ಪ್ರತಿ ಕೊಡಿ ಎಂದರು. ಮುದ್ರಿಸಿದರೆ ಅದರಲ್ಲಿ 500! ಮುನ್ನೂರು ಕೊಟ್ಟವರಿಗೆ ಐನೂರರ ರಸೀದಿ. ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುವ ಮೊದಲೇ ಬ್ಯಾಂಕಿನವರು ಅದನ್ನು ಹರಿದು ಕೈಯಿಂದ ಬರೆದುಕೊಟ್ಟರು. ಲೆಡ್ಜರಿನಲ್ಲಿ ಅಳಿಸುವ ಪದ್ಧತಿಯಿಲ್ಲ. ತಪ್ಪಾದರೆ ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯದೂ ಓದುವಂತಿರಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅಂಗಡಿಗಳ ತಂತ್ರಾಂಶಗಳೂ ಈ ಪಾಠವನ್ನು ಕಲಿಯಬೇಕಾಯಿತು: ಜೂನ್ ತಿಂಗಳ ಬಿಲ್ಲಿಗೆ ಜೂನಿನದೇ ತೆರಿಗೆ. 2011ರ ಎಸ್‌ಕ್ಯೂಎಲ್ ಮಾನದಂಡದಲ್ಲೇ ಇಂತಹ ಕಾಲಾವಧಿಯ ಕೋಷ್ಟಕಗಳಿಗೆ ಎಡೆ ಮಾಡಿಕೊಟ್ಟಿದ್ದಾರೆ. ಲೆಡ್ಜರಿನ ಕಾಲ ಮುಗಿಯಿತೆಂದು ನಕ್ಕವರು ಈಗ ಸುಮ್ಮನಿದ್ದೇವೆ.

ಕುಟುಂಬದ್ದೋ ವ್ಯಕ್ತಿಯದ್ದೋ ಎಂಬ ಪ್ರಶ್ನೆ ಕಲಿಸಿದ್ದು ಗೋರೆಗಾಂವಿಯ ಒಂದು ಮನೆ. ಪತ್ರಿಕೆ ಮನೆಗೊಂದೇ ಸಾಕು; ಅದು ಕುಟುಂಬದ ಸೆಟ್ಟಿಂಗು. ಪತ್ರದ ಭಾಷೆಯನ್ನೂ ನಾವು ಹಾಗೆಯೇ ಇಟ್ಟಿದ್ದೆವು. ಆ ಮನೆಯ ಅಜ್ಜಿಗೆ ಕನ್ನಡ ಬಿಟ್ಟು ಬೇರೆ ಓದಲು ಬಾರದು. ಮರಾಠಿ ಮನೆಯಿಂದ ಬಂದ ಸೊಸೆ ಅತ್ತೆಯೊಡನೆ ಅರಳು ಹುರಿದಂತೆ ಕನ್ನಡ ಮಾತನಾಡುತ್ತಾರೆ. ಅಕ್ಷರ ಮಾತ್ರ ಬಾರದು. ಅವರು ಕೇಳಿದ್ದು ಇಂಗ್ಲಿಷ್ ಪತ್ರವನ್ನಲ್ಲ. ಕನ್ನಡದಲ್ಲೇ ಬರೆಯಿರಿ, ಆದರೆ ದೇವನಾಗರಿ ಅಕ್ಷರದಲ್ಲಿ ಎಂದರು. ನಮ್ಮ ಪಟ್ಟಿಯಲ್ಲಿ ಹಾಗೊಂದು ಉತ್ತರವೇ ಇರಲಿಲ್ಲ. ಭಾಷೆ ಒಂದು, ಲಿಪಿ ಇನ್ನೊಂದು ಎಂಬುದು ಮುಂಬಯಿಯಲ್ಲಿ ಮಕ್ಕಳನ್ನು ಬೆಳೆಸಿದ ನಮಗೆ ಹೊಳೆಯದೇ ಹೋಯಿತಲ್ಲ! ಅಂತರ್ಜಾಲದ ಭಾಷಾ ಸಂಕೇತಗಳಲ್ಲಿ ಕನ್ನಡಕ್ಕೆ ‘ಕೆಎನ್’ ಎಂಬ ಎರಡಕ್ಷರವಿದೆ; ಅದರ ಮುಂದೆ ಲಿಪಿಯ ನಾಲ್ಕಕ್ಷರದ ಗುರುತನ್ನೂ ಸೇರಿಸಬಹುದು. ಒಂದು ಸೆಟ್ಟಿಂಗನ್ನು ಎರಡು ಮಾಡಿದೆವು, ಎರಡನ್ನೂ ವ್ಯಕ್ತಿಯ ಲೆಕ್ಕಕ್ಕೆ ಹಾಕಿದೆವು. ಇಂದು ಆ ಮನೆಗೆ ಎರಡು ಆಮಂತ್ರಣ ಹೋಗುತ್ತವೆ, ಮಾತು ಒಂದೇ, ಅಕ್ಷರ ಎರಡು.

ಎಲ್ಲವನ್ನೂ ಕೋಷ್ಟಕಕ್ಕೇ ತುಂಬಬೇಕೆಂದೂ ಇಲ್ಲ. ದತ್ತಸಂಚಯವನ್ನು ತೆರೆಯುವ ಗುಪ್ತಪದವನ್ನು ದತ್ತಸಂಚಯದೊಳಗೇ ಇಡುವುದೆಂದರೆ ಪೆಟ್ಟಿಗೆಯ ಬೀಗದಕೈಯನ್ನು ಒಳಗಿಟ್ಟು ಬೀಗ ಒತ್ತಿದಂತೆ. ಅಂಥವು ಹೊರಗೆ, ಬೇರೆ ಕಡತದಲ್ಲಿ, ಭದ್ರವಾಗಿವೆ.

ಡೊಂಬಿವಲಿಯ ಹಿರಿಯರಿಗೆ ಐದು ಸಂಚಿಕೆಗಳನ್ನೂ ಅಚ್ಚು ಹಾಕಿಸಿ ಕೊಟ್ಟುಬಂದೆವು. ಕೊನೆಯ ಕಟ್ಟಿಗೆ ಈಗ ದಾರ ಬಿದ್ದಿದೆ. ಜುಲೈ ಸಂಚಿಕೆಯನ್ನು ಮಾತ್ರ ಅವರು ಕಟ್ಟಿಗೆ ಸೇರಿಸದೆ ಹೊರಗಿಟ್ಟುಕೊಂಡಿದ್ದಾರೆ. ದತ್ತಸಂಚಯದಲ್ಲಿ ಅವರ ಹೆಸರಿನ ಮುಂದೆ ಈಗ ಒಂದು ಸಾಲಿದೆ: ಅಂಚೆ, ಸ್ವಂತ ಮಾತು, ಕಾರ್ಡು, 2019ರ ನವೆಂಬರ್. ಬರೆದುಕೊಂಡ ತಾರೀಖು ಮಾತ್ರ 2022ರದು. ಅದನ್ನು ಹಿಂದಿನ ತಾರೀಖಿಗೆ ಬದಲಾಯಿಸಬಹುದಿತ್ತು; ಬೇಡವೆಂದೆವು. ಮೂರು ವರ್ಷ ತಡವಾದದ್ದೂ ಓದುವಂತೆಯೇ ಇರಲಿ.

ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತಾರೆ. ಮದುವೆಯ ಮಾತುಕತೆಯಲ್ಲಿ ಅದು ನಡೆದೀತು, ಸಂಘದ ಲೆಕ್ಕದಲ್ಲಿ ನಡೆಯದು. ಇಂದಿನ ರೂಢಿಗೆ ಮೌನ ಸಮ್ಮತಿಯೇ ಇರಬಹುದು. ನಾಳೆ ನಾವು ರೂಢಿ ಬದಲಾಯಿಸಿದರೆ ಅದಕ್ಕೂ ಅದೇ ಮೌನ ಸಮ್ಮತಿಯಾಗಿಬಿಡುತ್ತದೆ.

ಆದ್ದರಿಂದ ಒಂದು ವಿನಂತಿ. ಈ ಸಂಚಿಕೆಯೊಡನೆ ಒಂದು ಕಾರ್ಡು ಇಟ್ಟಿದ್ದೇವೆ. ಇಮೇಲಿನಲ್ಲಿ ಓದುವವರಿಗೂ ಅದರ ನಕಲಿದೆ. ಬದಲಾವಣೆ ಬೇಕಾದವರು ಹೇಗೂ ಬರೆಯುತ್ತೀರಿ. ಈಗಿರುವ ಹಾಗೆಯೇ ಇರಲಿ, ಬರೆಯುವುದೇನಿದೆ ಎನ್ನುವವರು ಮರೆಯದೆ ಬರೆಯಿರಿ. ‘ಈಗಿರುವಂತೆಯೇ ಇರಲಿ’ ಎಂಬ ಎರಡು ಮಾತು ಸಾಕು. ಅದನ್ನೂ ಒಂದು ಸಾಲಾಗಿ ಬರೆದುಕೊಳ್ಳುತ್ತೇವೆ. ಕಾರ್ಡುಗಳು ಅಕ್ಕನ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತವೆ. ಅವರ ಮೊಣಕಾಲು ಈಗ ಚೆನ್ನಾಗಿದೆ.